ಸಾಕ್ಷಿಯ ಆಪ್ತತ್ವ: ಅಲಬಾಮದ ಎರಡು ಗ್ರಂಥಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿರುವ ಅಲಬಾಮ ಸಂಸ್ಥಾನದ ಮನ್‌ರೋವಿಲ್ ಎಂಬ ಸಣ್ಣ ಪಟ್ಟಣವು ಪ್ರಸಿದ್ಧವಾದ ಎರಡು ಗ್ರಂಥಗಳಿಗೆ ಮೂಲಭೂಮಿಯಾಗಿದೆ. ಮೊದಲನೆಯದು ಆ ಊರಿನಲ್ಲಿಯೇ ಹುಟ್ಟಿ ಬೆಳೆದ ಹಾರ್ಪರ್ ಲೀಯವರು 1960ರಲ್ಲಿ ಪ್ರಕಟಿಸಿದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಎಂಬ ಕಾದಂಬರಿ. ಎರಡನೆಯದು ಬ್ರಯನ್ ಸ್ಟೀವನ್‌ಸನ್ ಎಂಬ ನ್ಯಾಯವಾದಿಗಳು 2014ರಲ್ಲಿ ಪ್ರಕಟಿಸಿದ ‘ಜಸ್ಟ್ ಮರ್ಸಿ’. ಎರಡರಲ್ಲಿಯೂ ನಿರಪರಾಧಿಯಾದ ಒಬ್ಬ ಕೃಷ್ಣವರ್ಣೀಯನ ಮೇಲೆ ಘೋರವಾದ ಅಪರಾಧವೊಂದು ಹೊರಿಸಲ್ಪಡುತ್ತದೆ; ವಿಚಾರಣೆಯು ವಿಧಿಪೂರ್ವಕವಾಗಿಯೇ ನಡೆಯುತ್ತದೆ; ದಂಡನೆಯೂ ಆಗುತ್ತದೆ. 1961ರಲ್ಲಿ ಪುಲಿಟ್ಜರ್ ಬಹುಮಾನವನ್ನು ಪಡೆದ ಮೊದಲನೆಯ ಗ್ರಂಥವು ಆ ದೇಶದ ಪಾಠಶಾಲೆಗಳಲ್ಲಿ ಎರಡು ಮೂರು ತಲೆಮಾರಿನ ಮಕ್ಕಳು ಓದಿ ಬೆಳೆದ ಗ್ರಂಥ. ಎರಡನೆಯದರಲ್ಲಿ ವರ್ಣಿತವಾಗಿರುವುದು ಅದೇ ಪಟ್ಟಣದಲ್ಲಿ 1986ರಿಂದ 1993ರವರೆಗೆ ನಿಜವಾಗಿ ನಡೆದ ಸಂಗತಿ. ಆದುದರಿಂದ ಎರಡನೆಯದು ಮೊದಲನೆಯದಕ್ಕೆ ಉದಾಹರಣೆಯೆಂದು ಹೇಳುವ ವಾಡಿಕೆ ಬಂದಿದೆ. ಸೂಕ್ಷ್ಮವಾಗಿ ನೋಡಿದರೆ ಅದು ಉದಾಹರಣೆಯಲ್ಲ, ಆಕ್ಷೇಪ.

ನಮ್ಮ ಆಲಂಕಾರಿಕರು ಗದ್ಯಕಾವ್ಯವನ್ನು ಕಥೆ, ಆಖ್ಯಾಯಿಕೆ ಎಂದು ವಿಂಗಡಿಸಿರುವುದು ಸುವಿದಿತವಾಗಿದೆ. ಭಾಮಹನ ಮತದಲ್ಲಿ ನಾಯಕನು ತನ್ನ ವೃತ್ತವನ್ನು ತಾನೇ ಹೇಳತಕ್ಕದ್ದು ಆಖ್ಯಾಯಿಕೆ. ಕಥೆಯಲ್ಲಿ ಹೇಳುವವರು ಅನ್ಯರು. ದಂಡಿಯು ಈ ಭೇದವನ್ನು ಒಪ್ಪದೆ, ಇವು ಒಂದೇ ಜಾತಿಗೆ ಇಟ್ಟ ಎರಡು ಹೆಸರುಗಳೆಂದು ತಳ್ಳಿಹಾಕಿದನು. ಗದ್ಯದ ಲಕ್ಷಣವನ್ನು ಮಾತ್ರ ನೋಡುವುದಾದರೆ ದಂಡಿಯ ವಾದವೇ ಬಲವಾದುದು. ಆದರೆ ಪ್ರಕೃತ ಗ್ರಂಥಗಳ ವಸ್ತುವೇ ನ್ಯಾಯಸ್ಥಾನದಲ್ಲಿ ಯಾರ ಮಾತು ಸಲ್ಲುತ್ತದೆ, ಯಾರದು ಸಲ್ಲುವುದಿಲ್ಲ ಎಂಬುದು. ಅಂಥಲ್ಲಿ ಹೇಳುವವರು ಯಾರೆಂಬ ಪ್ರಶ್ನೆಯು ಹೊರಗಿನ ಅಲಂಕಾರವಾಗಿ ಉಳಿಯದೆ ಅರ್ಥದೊಳಕ್ಕೇ ಪ್ರವೇಶಿಸುತ್ತದೆ. ಲೀಯವರದು ಕಥೆ: ಮೇಕೋಂಬ್ ಎಂಬ ಕಲ್ಪಿತವಾದ ಪಟ್ಟಣದಲ್ಲಿ, ವಕೀಲ ಆಟಿಕಸ್ ಫಿಂಚನ ಮಗಳು ಸ್ಕೌಟ್ ತನ್ನ ಬಾಲ್ಯದಲ್ಲಿ ಕಂಡುದನ್ನು ದೊಡ್ಡವಳಾದ ಮೇಲೆ ಹೇಳುತ್ತಾಳೆ. ಸ್ಟೀವನ್‌ಸನ್ನರದು ಆಖ್ಯಾಯಿಕೆ: ತಾವೇ ನಡೆಸಿದ ಮೊಕದ್ದಮೆಯನ್ನು ತಾವೇ ಹೇಳುತ್ತಾರೆ.

ಕಥೆಯ ನಡುಭಾಗವಾದ ವಿಚಾರಣೆಯ ಪ್ರಕರಣವನ್ನು ಮೊದಲು ಪರಿಶೀಲಿಸತಕ್ಕದ್ದು. 1930ರ ದಶಕದಲ್ಲಿ ಟಾಮ್ ರಾಬಿನ್‌ಸನ್ ಎಂಬ ಕೂಲಿಗಾರನು ಮೇಯೆಲ ಯೂಯೆಲ್ ಎಂಬ ಬಡ ಶ್ವೇತವರ್ಣೀಯ ಯುವತಿಯ ಮೇಲೆ ಬಲಾತ್ಕಾರ ಮಾಡಿದನೆಂಬುದು ಆಪಾದನೆ. ಅವಳಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಭಾಗಕ್ಕೆ; ಎಂದರೆ ಹೊಡೆದವನು ಎಡಗೈಯನ್ನು ಬಳಸಿದವನಾಗಿರಬೇಕು. ಟಾಮನ ಎಡಗೈಯಾದರೋ ಹುಡುಗತನದಲ್ಲಿಯೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ನಿಷ್ಪ್ರಯೋಜಕವಾಗಿದೆ. ಯುವತಿಯ ತಂದೆಯಿಂದ ಆಟಿಕಸನು ನ್ಯಾಯಸ್ಥಾನದಲ್ಲಿಯೇ ಹೆಸರು ಬರೆಯಿಸಿದಾಗ ಅವನು ಎಡಗೈಯಿಂದ ಬರೆಯುತ್ತಾನೆ. ವೈದ್ಯನನ್ನು ಯಾರೂ ಕರೆಯಿಸಿಯೇ ಇಲ್ಲವೆಂಬುದು ಪಾಟೀಸವಾಲಿನಲ್ಲಿ ಹೊರಬೀಳುತ್ತದೆ. ಇಷ್ಟಾದ ಮೇಲೂ ಶ್ವೇತವರ್ಣೀಯರಾದ ಜ್ಯೂರಿಯವರು ಕೆಲವು ಗಂಟೆಗಳ ಕಾಲ ಕುಳಿತು ಆಲೋಚಿಸಿ, ಟಾಮನು ಅಪರಾಧಿಯೆಂದು ತೀರ್ಮಾನಿಸುತ್ತಾರೆ. ಅಪೀಲಿನ ವಿಚಾರಣೆಗೆ ಮುಂಚೆಯೇ ಅವನು ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಹೋಗಿ ಗುಂಡಿಗೆ ಬಲಿಯಾಗುತ್ತಾನೆ.

ಅನುಮಾನಪ್ರಮಾಣವು ಇಷ್ಟು ಸ್ವಚ್ಛವಾಗಿರುವಾಗ ಟಾಮನನ್ನು ಕೆಡಿಸಿದುದು ಯಾವುದು? ಇಲ್ಲಿಯೇ ಲೀಯವರ ಪ್ರತಿಭೆಯು ಪ್ರಕಾಶಿಸುತ್ತದೆ. ಕೂಲಿಯಿಲ್ಲದೆ ಆ ಯುವತಿಯ ಮನೆಗೆಲಸಕ್ಕೆ ಏಕೆ ನೆರವಾಗುತ್ತಿದ್ದೆಯೆಂದು ಸರ್ಕಾರದ ಪರವಾದ ವಕೀಲನು ಕೆದಕಿದಾಗ, ಅವಳನ್ನು ನೋಡಿ ಕನಿಕರವಾಯಿತೆಂದು ಟಾಮನು ಹೇಳಿಬಿಡುತ್ತಾನೆ. ಮರುಕ್ಷಣವೇ ಅದು ತಪ್ಪಾಯಿತೆಂದು ಅವನಿಗೂ ತಿಳಿಯುತ್ತದೆ, ಸಭೆಗೂ ತಿಳಿಯುತ್ತದೆ. ಎಡಗೈ ಬಲಗೈಗಳ ವಿಚಾರವೆಲ್ಲ ಆ ಒಂದು ಮಾತಿನಿಂದ ಕೊಚ್ಚಿಹೋಗುತ್ತದೆ. ಕೃಷ್ಣವರ್ಣೀಯನು ದಯೆಗೆ ವಿಷಯನಾಗಬಹುದು, ದಯೆಗೆ ಆಶ್ರಯನಾಗಕೂಡದು ಎಂಬುದೇ ಆ ಊರಿನ ಅಲಿಖಿತವಾದ ಸ್ಮೃತಿ. ದಯೆಯೆಂಬುದು ಮೇಲಿರುವವನು ಕೆಳಗಿರುವವನಲ್ಲಿ ತೋರತಕ್ಕದ್ದೆಂದು ಜ್ಯೂರಿಯವರು ನಂಬಿರುವರು. ಟಾಮನ ದಯೆಯು ಆ ಮೇಲುಕೀಳನ್ನು ತಲೆಕೆಳಗು ಮಾಡಿತು. ಅವನಿಗಾದ ಶಿಕ್ಷೆಯು ಬಲಾತ್ಕಾರಕ್ಕಲ್ಲ, ಕನಿಕರಕ್ಕೆ. ಈ ಶತಮಾನದ ಮತ್ತು ಹಿಂದಿನ ಶತಮಾನದ ಗದ್ಯದಲ್ಲಿ ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ದೊಡ್ಡ ವ್ಯಂಗ್ಯಾರ್ಥವನ್ನು ಇಟ್ಟಿರುವ ಸ್ಥಳಗಳು ವಿರಳವೆನ್ನದೆ ವಿಧಿಯಿಲ್ಲ.

ಈ ಸಂದರ್ಭದಲ್ಲಿ ಸಂಸ್ಕೃತಜ್ಞರಿಗೆ ಮೃಚ್ಛಕಟಿಕದ ನೆನಪು ಬಾರದಿರಲಾರದು. ಅಲ್ಲಿಯ ಒಂಬತ್ತನೆಯ ಅಂಕವು ನಿರಪರಾಧಿಯ ದಂಡನೆಯನ್ನೇ ಕುರಿತುದು. ಅಧಿಕರಣಿಕನು ಸಜ್ಜನ, ಚಾರುದತ್ತನು ಕೊಲೆಗಾರನೆಂದು ಅವನ ಮನಸ್ಸು ಒಪ್ಪದು. ಆದರೆ ರಾಜಶ್ಯಾಲನಾದ ಶಕಾರನ ಬೆದರಿಕೆಗೆ ಸೋತು ಫಿರ್ಯಾದನ್ನು ಮೊದಲೇ ಕೈಗೆತ್ತಿಕೊಳ್ಳುತ್ತಾನೆ. ವಸಂತಸೇನೆಯ ತಾಯಿಯ ಹೇಳಿಕೆ, ವೀರಕನ ಹೇಳಿಕೆ, ಉದ್ಯಾನದಲ್ಲಿ ದೊರೆತ ಯಾವಳೋ ಒಬ್ಬ ಹೆಂಗಸಿನ ಶವ, ಮೈತ್ರೇಯನ ಕಂಕುಳಿಂದ ಜಾರಿದ ಒಡವೆ, ಇವೆಲ್ಲ ಒಂದೊಂದಾಗಿ ಸೇರಿ ಚಾರುದತ್ತನನ್ನು ಕಟ್ಟಿಹಾಕುತ್ತವೆ. ಇವುಗಳಲ್ಲಿ ಒಡವೆಯೂ ಸುಳ್ಳಲ್ಲ, ತಾಯಿಯ ಮಾತೂ ಸುಳ್ಳಲ್ಲ. ಬ್ರಾಹ್ಮಣನಾದುದರಿಂದ ದೇಶಭ್ರಷ್ಟತೆಯೇ ಸಾಕೆಂದು ಅಧಿಕರಣಿಕನು ಸೂಚಿಸುತ್ತಾನೆ. ಪಾಲಕರಾಜನು ಅದನ್ನು ಮೀರಿ ವಧೆಯನ್ನು ವಿಧಿಸುತ್ತಾನೆ.

ಆದರೆ ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದುದು ಹತ್ತನೆಯ ಅಂಕದ ಸ್ಥಾವರಕನ ವೃತ್ತಾಂತ. ಇವನು ಶಕಾರನ ದಾಸ. ನಿಜವನ್ನು ಬಲ್ಲವನು ಇವನು. ಸಂಕೋಲೆಯಲ್ಲಿದ್ದವನು ಡಂಗುರವನ್ನು ಕೇಳಿ, ಉಪ್ಪರಿಗೆಯ ಕಿಟಕಿಯಿಂದ ಕೆಳಕ್ಕೆ ಧುಮುಕಿ ಬಂದು ಸತ್ಯವನ್ನು ಸಾರುತ್ತಾನೆ. ಶಕಾರನು ಗುಟ್ಟಾಗಿ ಚಿನ್ನದ ಕಡಗವನ್ನು ಲಂಚಕೊಡಲು ಬಂದರೆ ಅದನ್ನೂ ಎತ್ತಿ ತೋರಿಸುತ್ತಾನೆ. ಆದರೆ ಅದೇ ಕಡಗವನ್ನು ಕದ್ದನೆಂದು ತಾನೇ ಇವನನ್ನು ಕಟ್ಟಿಹಾಕಿಸಿದ್ದೆನೆಂದು ಶಕಾರನು ಹೇಳಿದೊಡನೆ ಎಲ್ಲರೂ ಅದನ್ನು ನಂಬುತ್ತಾರೆ. ದಾಸ್ಯವೆಂಬುದು ಸತ್ಯವನ್ನೂ ನಂಬಿಸಲಾರದ ಸ್ಥಿತಿಯೆಂದು ಸ್ಥಾವರಕನು ಗೋಳಿಡುತ್ತಾನೆ. ಟಾಮ್ ರಾಬಿನ್‌ಸನ್ನನಿಗೆ ಆದುದೂ ಇದೇ. ಆದರೆ ಭೇದವನ್ನು ಗಮನಿಸತಕ್ಕದ್ದು: ಶೂದ್ರಕನ ದಾಸನು ತನ್ನ ಮಾತು ಏಕೆ ಸಲ್ಲಲಿಲ್ಲವೆಂಬುದನ್ನು ತಾನೇ ಬಾಯಿಬಿಟ್ಟು ಹೇಳುತ್ತಾನೆ, ಲೀಯವರ ಕೂಲಿಗಾರನ ಪರವಾಗಿ ಅದನ್ನು ಹೇಳುವವನು ಅವನ ಶ್ವೇತವರ್ಣೀಯ ವಕೀಲ.

ನೈಯಾಯಿಕರು ಆಪ್ತನ ಮಾತನ್ನು ಶಬ್ದಪ್ರಮಾಣವೆಂದರು. ಆಪ್ತನೆಂದರೆ ವಸ್ತುವನ್ನು ಸಾಕ್ಷಾತ್ತಾಗಿ ಬಲ್ಲವನು, ಕಂಡುದನ್ನು ಕಂಡಂತೆ ಹೇಳುವ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂಬುದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ತರ್ಕದಲ್ಲಿ ಇಷ್ಟು ಉದಾರವಾಗಿದ್ದವರ ನಾಡಿನಲ್ಲಿ ವ್ಯವಹಾರವು ಹಾಗಿರಲಿಲ್ಲವೆಂಬುದನ್ನೂ ಮರೆಯತಕ್ಕದ್ದಲ್ಲ. ಕಲ್ಯಾಣದ ಚಾಳುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಯಾವ ಯಾಜ್ಞವಲ್ಕ್ಯಸ್ಮೃತಿಯ ಮೇಲೋ, ಅದರಲ್ಲಿಯೇ ಸಾಕ್ಷಿಗಳನ್ನು ಜಾತಿವರ್ಣಾನುಸಾರವಾಗಿ ಆರಿಸಬೇಕೆಂಬ ವಿಧಿಯೂ ಇದೆ. ಎಲ್ಲರಿಗೆ ಎಲ್ಲರೂ ಸಾಕ್ಷಿಗಳಾಗಬಹುದೆಂಬ ವಿಕಲ್ಪವೂ ಇದೆ. ಚೌರ್ಯ, ಸಾಹಸ ಮೊದಲಾದುವುಗಳಲ್ಲಿ ಯಾರ ಸಾಕ್ಷ್ಯವನ್ನಾದರೂ ಸ್ವೀಕರಿಸಬಹುದೆಂಬ ಅಪವಾದವೂ ಇದೆ. ಅಮೆರಿಕದ ಮೇಲೆ ಬೆರಳು ತೋರುವಾಗ ಈ ಪುಟಗಳನ್ನು ಮುಚ್ಚಿಟ್ಟುಕೊಳ್ಳುವುದು ಪಂಡಿತಧರ್ಮವಲ್ಲ.

ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ದಾಸ್ಯದ ಕಾಲದಲ್ಲಿ ಶ್ವೇತವರ್ಣೀಯರ ವಿರುದ್ಧವಾಗಿ ಕೃಷ್ಣವರ್ಣೀಯರು ಸಾಕ್ಷಿ ನುಡಿಯುವಂತಿರಲಿಲ್ಲ. 1866ರ ಶಾಸನವು ಸಾಕ್ಷ್ಯದ ಹಕ್ಕನ್ನು ವರ್ಣಭೇದವಿಲ್ಲದೆ ಕೊಟ್ಟಿತು. ವರ್ಣದ ಕಾರಣದಿಂದ ಜ್ಯೂರಿಯಿಂದ ಹೊರಗಿಡುವ ಕಾನೂನು ಸಲ್ಲದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1880ರಲ್ಲಿಯೇ ತೀರ್ಪಿತ್ತಿತು. ಆದರೂ 1931ರಲ್ಲಿ ಅಲಬಾಮದ ಸ್ಕಾಟ್ಸ್‌ಬರೋ ಎಂಬಲ್ಲಿ ಒಂಬತ್ತು ಮಂದಿ ಕೃಷ್ಣವರ್ಣೀಯ ಹುಡುಗರು ಬಲಾತ್ಕಾರದ ಸುಳ್ಳು ಆಪಾದನೆಗೆ ಗುರಿಯಾಗಿ, ಕೆಲವೇ ದಿನಗಳಲ್ಲಿ ಅವರಲ್ಲಿ ಎಂಟು ಮಂದಿಗೆ ಮರಣದಂಡನೆ ವಿಧಿಸಲ್ಪಟ್ಟಿತು. ಆ ಜ್ಯೂರಿಗಳಲ್ಲಿ ಕೃಷ್ಣವರ್ಣೀಯರು ಒಬ್ಬರೂ ಇರಲಿಲ್ಲ. ಇದನ್ನು ಸರ್ವೋಚ್ಚ ನ್ಯಾಯಾಲಯವು 1935ರಲ್ಲಿ ಖಂಡಿಸಿತು. ಆಪಾದಿಸಿದ ಇಬ್ಬರು ಯುವತಿಯರಲ್ಲಿ ಒಬ್ಬಳು 1933ರಲ್ಲಿ ತನ್ನ ಮಾತನ್ನು ಹಿಂತೆಗೆದುಕೊಂಡರೂ ಜ್ಯೂರಿಯು ಮತ್ತೆ ಅಪರಾಧವನ್ನೇ ಎತ್ತಿಹಿಡಿಯಿತು. ಆ ನಿರ್ಣಯವನ್ನು ರದ್ದುಮಾಡಿದ ನ್ಯಾಯಾಧಿಪತಿ ಜೇಮ್ಸ್ ಹಾರ್ಟನ್ನರು ಮರುವರ್ಷದ ಚುನಾವಣೆಯಲ್ಲಿ ಪದವಿಯನ್ನೇ ಕಳೆದುಕೊಂಡರು. ಪಾಲಕನ ಸ್ಥಾನದಲ್ಲಿ ಅಲ್ಲಿ ಮತದಾರರು ಇದ್ದರು. ಕೊನೆಯದಾಗಿ ಉಳಿದ ಮೂವರಿಗೆ ಮರಣೋತ್ತರವಾಗಿ ಕ್ಷಮಾಪಣೆ ದೊರೆತುದು 2013ರಲ್ಲಿ.

ಈಗ ಪೂರ್ವಪಕ್ಷವನ್ನು ವಿಚಾರಿಸಬಹುದು. ಕಥೆಯನ್ನು ಹೇಳುವವಳು ಚಿಕ್ಕ ಹುಡುಗಿ. ಅವಳು ಕಂಡಷ್ಟನ್ನು ಮಾತ್ರ ಹೇಳಬಲ್ಲಳು. ಟಾಮನ ಒಳಗನ್ನು ತೋರಿಸಲಿಲ್ಲವೆಂದು ಲೀಯವರನ್ನು ದೂಷಿಸುವುದು ಔಚಿತ್ಯವಲ್ಲ ಎಂದು ಅಭಿಮಾನಿಗಳು ಹೇಳುತ್ತಾರೆ. ಈ ಸಮಾಧಾನವು ಅರ್ಧ ಮಾತ್ರ ಸರಿ. ಹುಡುಗಿಯನ್ನು ಕಥನಕಾರಳನ್ನಾಗಿ ಆರಿಸಿದವರು ಕವಿಯೇ ಅಲ್ಲವೆ? ಅಲ್ಲದೆ ಕ್ರೌಂಚವಧೆಯ ಪ್ರಸಂಗವನ್ನು ನೆನೆದುಕೊಳ್ಳಬಹುದು. ಲೀಯವರ ಗ್ರಂಥದ ಹೆಸರೂ ಪಕ್ಷಿವಧೆಯನ್ನೇ ಸೂಚಿಸತಕ್ಕದ್ದು: ಯಾರಿಗೂ ಕೇಡು ಬಗೆಯದೆ ಹಾಡುವ ಹಕ್ಕಿಯನ್ನು ಕೊಲ್ಲುವುದು ಪಾಪವೆಂಬುದು ಅದರ ತಾತ್ಪರ್ಯ. ಆದಿಕವಿಯು ಪರರ ದುಃಖವನ್ನು ಕಂಡವನೇ ಸರಿ. ಆದರೆ ಅವನ ಕಿವಿಗೆ ಮೊದಲು ಬಿದ್ದುದು ಸಂಗಾತಿಯನ್ನು ಕಳೆದುಕೊಂಡ ಕ್ರೌಂಚಿಯ ಆಕ್ರಂದನ. ಇಲ್ಲಿ ಟಾಮನ ಹೆಂಡತಿ ಹೆಲೆನ್ ಗಂಡನ ಮರಣವಾರ್ತೆಯನ್ನು ಕೇಳಿ ನೆಲಕ್ಕೆ ಕುಸಿದುದನ್ನು ಡಿಲ್ ಎಂಬ ಹುಡುಗನು ಕಂಡು ಸ್ಕೌಟಳಿಗೆ ಹೇಳುತ್ತಾನೆ, ಸ್ಕೌಟಳು ವಾಚಕರಿಗೆ ಹೇಳುತ್ತಾಳೆ. ಶೋಕವು ಬಾಯಿಂದ ಬಾಯಿಗೆ ದಾಟಿ ಬರುವಷ್ಟರಲ್ಲಿ ಶ್ವೇತವರ್ಣೀಯ ಮಕ್ಕಳ ವಿದ್ಯಾಭ್ಯಾಸದ ಒಂದು ಪಾಠವಾಗಿ ಪರಿಣಮಿಸುತ್ತದೆ. ಆ ಹಕ್ಕಿಯ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು: ಮಾಕಿಂಗ್‌ಬರ್ಡ್ ಎಂಬುದು ಇತರ ಹಕ್ಕಿಗಳ ದನಿಯನ್ನು ಅನುಕರಿಸತಕ್ಕ ಹಕ್ಕಿ. ಸಾಕ್ಷಿಕಟ್ಟೆಯ ಮೇಲೆ ನಿಂತವನಿಗೆ ಬೇಕಾದುದು ಸ್ವಂತ ದನಿ.

ಆದುದರಿಂದ ಈ ಕಥೆಯ ಅಂಗಿರಸವು ಕರುಣವೆನ್ನುವುದಕ್ಕಿಂತ ಧರ್ಮವೀರವೆನ್ನುವುದು ಯುಕ್ತ. ಅದರ ನಾಯಕನು ಆಟಿಕಸ್. ಟಾಮನು ಆ ವೀರಕ್ಕೆ ಆಲಂಬನವಿಭಾವ ಮಾತ್ರ. ಜ್ಯೂರಿಯವರು ಟಾಮನಿಗೆ ಯಾವ ಸ್ಥಾನವನ್ನು ನಿರಾಕರಿಸಿದರೋ ಆ ಆಶ್ರಯಸ್ಥಾನವನ್ನು ಕಥೆಯೂ ಅವನಿಗೆ ಆ ಒಂದು ಮಾತಿನ ಹೊರತು ಬೇರೆಲ್ಲಿಯೂ ಕೊಡಲಿಲ್ಲ. ಕಥೆಯ ಕೊನೆಯಲ್ಲಿ ಇದೇ ದೋಷವು ಇನ್ನೊಂದು ರೂಪದಲ್ಲಿ ಕಾಣಬರುತ್ತದೆ. ಮಕ್ಕಳನ್ನು ಕೊಲ್ಲಲು ಬಂದ ಯೂಯೆಲನನ್ನು ಬೂ ರ‍್ಯಾಡ್ಲಿ ಎಂಬ ಏಕಾಂತವಾಸಿ ಕೊಂದಾಗ, ಯೂಯೆಲನು ತನ್ನ ಚೂರಿಯ ಮೇಲೆ ತಾನೇ ಬಿದ್ದು ಸತ್ತನೆಂದು ಷೆರಿಫನು ನಿರ್ಣಯಿಸಿಬಿಡುತ್ತಾನೆ, ಆಟಿಕಸನೂ ಒಪ್ಪುತ್ತಾನೆ. ಶ್ವೇತವರ್ಣೀಯನಾದ ಒಬ್ಬ ಸಾಧುವಿಗಾಗಿ ವಿಚಾರಣೆಯೇ ಇಲ್ಲದೆ ಕಾನೂನು ಬಗ್ಗಿತು. ಟಾಮನಿಗಾಗಿ ಅದು ಬಗ್ಗಬೇಕಾಗಿಯೂ ಇರಲಿಲ್ಲ, ನೆಟ್ಟಗೆ ನಿಂತಿದ್ದರೆ ಸಾಕಾಗಿತ್ತು. ಈ ವೈಷಮ್ಯವನ್ನು ಲೀಯವರು ಕಂಡಿದ್ದರೆಂಬುದಕ್ಕೆ ಗ್ರಂಥದಲ್ಲಿ ಸೂಚನೆಯಿಲ್ಲ.

ಇನ್ನು ಆಖ್ಯಾಯಿಕೆ. 1986ರ ನವೆಂಬರಿನಲ್ಲಿ ಮನ್‌ರೋವಿಲ್ಲಿನ ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷದ ಶ್ವೇತವರ್ಣೀಯ ಯುವತಿಯ ಕೊಲೆಯಾಯಿತು. ತಿಂಗಳುಗಟ್ಟಲೆ ಕೊಲೆಗಾರನು ಸಿಕ್ಕದಿರಲು, 1987ರ ಜೂನ್‌ನಲ್ಲಿ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಮರಗೆಲಸದ ಕೃಷ್ಣವರ್ಣೀಯನನ್ನು ಹಿಡಿದರು. ಶ್ವೇತವರ್ಣೀಯ ಹೆಂಗಸೊಬ್ಬಳೊಡನೆ ಅವನಿಗೆ ಸಂಬಂಧವಿದ್ದುದು ಆ ವೇಳೆಗೆ ಊರಿಗೆಲ್ಲ ತಿಳಿದಿತ್ತು. ವಿಚಾರಣೆಗೆ ಮುಂಚೆಯೇ ಅವನನ್ನು ಮರಣದಂಡನೆಗೆ ಗುರಿಯಾದವರ ಸಾಲಿನಲ್ಲಿ ಸೆರೆಯಿಟ್ಟರು. ಕೃಷ್ಣವರ್ಣೀಯರ ಸಂಖ್ಯೆಯು ಬಹಳ ಕಡಮೆಯಾಗಿದ್ದ ಬಾಲ್ಡ್‌ವಿನ್ ಜಿಲ್ಲೆಗೆ ಮೊಕದ್ದಮೆಯನ್ನು ವರ್ಗಾಯಿಸಿದರು. 1988ರ ಆಗಸ್ಟಿನಲ್ಲಿ ಒಂದೂವರೆ ದಿನದಲ್ಲಿ ವಿಚಾರಣೆ ಮುಗಿಯಿತು. ಹನ್ನೆರಡು ಜ್ಯೂರಿಯವರಲ್ಲಿ ಕೃಷ್ಣವರ್ಣೀಯನು ಒಬ್ಬನೇ. ಕೊಲೆಯ ಹೊತ್ತಿನಲ್ಲಿ ಮ್ಯಾಕ್‌ಮಿಲಿಯನ್ನನು ತನ್ನ ಮನೆಯಲ್ಲಿದ್ದನು. ಅಲ್ಲಿ ಚರ್ಚಿನ ಸಹಾಯಾರ್ಥವಾಗಿ ಮೀನು ಕರಿದು ಮಾರುತ್ತಿದ್ದರು. ಬಹು ಮಂದಿ ಅವನನ್ನು ಕಂಡಿದ್ದರು. ಆ ಬಹು ಮಂದಿ ಕೃಷ್ಣವರ್ಣೀಯರು. ಅಷ್ಟು ಜನರ ಪ್ರತ್ಯಕ್ಷಕ್ಕಿಂತ, ಸ್ವತಃ ಅಪರಾಧಗಳಲ್ಲಿ ಸಿಕ್ಕಿಬಿದ್ದಿದ್ದ ಒಬ್ಬ ಶ್ವೇತವರ್ಣೀಯನ ಮಾತು ಹೆಚ್ಚು ತೂಗಿತು. ಜ್ಯೂರಿಯವರು ಆಜೀವ ಕಾರಾಗೃಹವಾಸವನ್ನು ಸೂಚಿಸಿದರೂ ನ್ಯಾಯಾಧಿಪತಿಯು ಅದನ್ನು ಮೀರಿ ಮರಣದಂಡನೆಯನ್ನು ವಿಧಿಸಿದನು. ನ್ಯಾಯಾಧಿಪತಿಗಳಿಗೆ ಹೀಗೆ ಮೀರುವ ಅಧಿಕಾರವಿದ್ದುದನ್ನು ಅಲಬಾಮವು 2017ರಲ್ಲಿ ತೆಗೆದುಹಾಕಿತು.

ಸ್ಟೀವನ್‌ಸನ್ನರು ಕಡತಗಳನ್ನು ಹುಡುಕಿದಾಗ ಒಂದು ಧ್ವನಿಮುದ್ರಣವು ದೊರೆಯಿತು. ನಿರಪರಾಧಿಯೊಬ್ಬನ ಮೇಲೆ ಸುಳ್ಳು ಹೇಳುವಂತೆ ತನ್ನನ್ನು ಒತ್ತಾಯಿಸುತ್ತಿರುವರೆಂದು ಆ ಮುಖ್ಯ ಸಾಕ್ಷಿಯೇ ಪೊಲೀಸರೊಡನೆ ಆಕ್ಷೇಪಿಸಿದುದು ಅದರಲ್ಲಿತ್ತು. ಅಲ್ಲದೆ ಕೊಲೆಯ ಸ್ಥಳದಲ್ಲಿ ನೋಡಿದೆವೆಂದು ಹೇಳಿದ ರೀತಿಯಲ್ಲಿ ಮ್ಯಾಕ್‌ಮಿಲಿಯನ್ನನ ಲಾರಿಯನ್ನು ತಗ್ಗಿಸಿ ಮಾರ್ಪಡಿಸಿದುದು ಕೊಲೆಯಾಗಿ ತಿಂಗಳುಗಳ ಮೇಲೆ. 1992ರಲ್ಲಿ ಆ ಸಾಕ್ಷಿಯು ಬಹಿರಂಗವಾಗಿ ತನ್ನ ಮಾತನ್ನು ಹಿಂತೆಗೆದುಕೊಂಡನು. ಕೆಳಗಿನ ನ್ಯಾಯಾಲಯವು ಅದನ್ನೂ ಮನ್ನಿಸಲಿಲ್ಲ. ಒಬ್ಬನೇ ಮನುಷ್ಯನು ಕೃಷ್ಣವರ್ಣೀಯನ ವಿರುದ್ಧವಾಗಿ ನುಡಿದಾಗ ಆಪ್ತನಾಗಿದ್ದು, ಪರವಾಗಿ ನುಡಿದೊಡನೆ ಅನಾಪ್ತನಾದನು! 1993ರಲ್ಲಿ ಮೇಲಿನ ನ್ಯಾಯಾಲಯವು ದಂಡನೆಯನ್ನು ರದ್ದುಪಡಿಸಿತು. ಆ ಮಾರ್ಚಿಯಲ್ಲಿ ಮ್ಯಾಕ್‌ಮಿಲಿಯನ್ನನಿಗೆ ಬಿಡುಗಡೆಯಾಯಿತು.

ಈ ಪ್ರಕರಣವು ವಿರಳವಾದ ಅಪವಾದವೆನ್ನುವಂತಿಲ್ಲ. ಅಮೆರಿಕದಲ್ಲಿ 1989ರಿಂದ ನಿರಪರಾಧಿಗಳೆಂದು ಬಿಡುಗಡೆಯಾದವರ ಪಟ್ಟಿಯನ್ನು ಇಡುವ ರಾಷ್ಟ್ರೀಯ ದಾಖಲೆಯು 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸುಮಾರು 3,200 ಮಂದಿಯಲ್ಲಿ ಶೇಕಡ 53 ಮಂದಿ ಕೃಷ್ಣವರ್ಣೀಯರು. ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡ 14ಕ್ಕೂ ಕಡಮೆ. ಇಂಥ ಲೆಕ್ಕಗಳಿಗೆ ನ್ಯಾಯಾಲಯವು ಎಷ್ಟು ಬೆಲೆ ಕೊಟ್ಟಿತೆಂಬುದನ್ನೂ ಸ್ಟೀವನ್‌ಸನ್ನರು ಪ್ರಸ್ತಾಪಿಸಿರುವರು. ಜಾರ್ಜಿಯ ಸಂಸ್ಥಾನದಲ್ಲಿ ಕೊಲೆಯಾದವರು ಶ್ವೇತವರ್ಣೀಯರಾದರೆ ಮರಣದಂಡನೆಯ ಸಂಭವವು 4.3 ಪಟ್ಟು ಹೆಚ್ಚೆಂದು ವಿದ್ವಾಂಸರು ಗಣಿಸಿ ತೋರಿಸಿದಾಗ, ಸರ್ವೋಚ್ಚ ನ್ಯಾಯಾಲಯವು 1987ರ ಮೆಕ್‌ಲೆಸ್ಕಿ ಮೊಕದ್ದಮೆಯಲ್ಲಿ, ಐವರಿಗೆ ನಾಲ್ವರು ಭಿನ್ನಮತವಾಗಿ, ಆ ಗಣನೆಯು ಸರಿಯೆಂದೇ ಇಟ್ಟುಕೊಂಡರೂ ಈ ಒಬ್ಬ ಆಪಾದಿತನ ವಿಷಯದಲ್ಲಿ ದ್ವೇಷಬುದ್ಧಿಯಿತ್ತೆಂದು ಅದರಿಂದ ಸಿದ್ಧಿಸದೆಂದು ತೀರ್ಮಾನಿಸಿತು. ಹೊಗೆಯನ್ನು ಒಪ್ಪಿ, ಬೆಂಕಿಯನ್ನು ಕಣ್ಣಿನಿಂದಲೇ ತೋರಿಸಬೇಕೆಂದು ಕೇಳಿದಂತಾಯಿತು. ಆಪಾದಿತನ ಮೇಲೆ ದೋಷಾರೋಪಣೆ ಮಾಡಲು ಅನುಮಾನವು ಸಾಕು, ನ್ಯಾಯಸ್ಥಾನದ ಮೇಲೆ ಮಾಡಲು ಸಾಲದು ಎಂಬುದು ಯಾವ ತರ್ಕಶಾಸ್ತ್ರದ ಮರ್ಯಾದೆಯೋ ತಿಳಿಯದು.

ಎರಡು ಗ್ರಂಥಗಳ ಭೇದವು ಸ್ಪಷ್ಟವಾಗಿ ಕಾಣುವುದು ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟಾಗ. ಲೀಯವರ ಕಥೆಯಲ್ಲಿ ಕೃಷ್ಣವರ್ಣೀಯರು ನ್ಯಾಯಸ್ಥಾನದ ಮೇಲಂತಸ್ತಿನಲ್ಲಿ ಕುಳಿತು ವಿಚಾರಣೆಯನ್ನು ನೋಡುತ್ತಾರೆ. ತೀರ್ಪಾದ ಮೇಲೆ ಆಟಿಕಸನು ಕೆಳಗೆ ನಡೆದುಹೋಗುವಾಗ ಅವರೆಲ್ಲ ಎದ್ದುನಿಲ್ಲುತ್ತಾರೆ. ಲೋಕವೆಲ್ಲ ಕಣ್ಣೀರಿಟ್ಟು ಮೆಚ್ಚಿದ ಪ್ರಸಂಗವಿದು. ಸೋತವನು ಟಾಮ್, ಗೌರವವು ಸಂದುದು ವಕೀಲನಿಗೆ. ಸ್ಟೀವನ್‌ಸನ್ನರ ಗ್ರಂಥದಲ್ಲಿ ಮ್ಯಾಕ್‌ಮಿಲಿಯನ್ನನ ಮರುವಿಚಾರಣೆಯ ಎರಡನೆಯ ದಿನ, ಅವನ ಕಡೆಯ ಜನರು ಒಳಕ್ಕೆ ಬಾರದಂತೆ ಬಾಗಿಲಲ್ಲಿ ದೊಡ್ಡದೊಂದು ನಾಯಿಯನ್ನು ನಿಲ್ಲಿಸುತ್ತಾರೆ. 1965ರಲ್ಲಿ ಸೆಲ್ಮದ ಮೆರವಣಿಗೆಯಲ್ಲಿ ಪೊಲೀಸರ ನಾಯಿಗಳನ್ನು ಕಂಡಿದ್ದ ಒಬ್ಬ ವೃದ್ಧೆಯು ಅದನ್ನು ನೋಡಿ ನಡುಗಿ, ಅಳುತ್ತ ಹಿಂದಿರುಗುತ್ತಾಳೆ. ರಾತ್ರಿಯೆಲ್ಲ ಧೈರ್ಯ ತಂದುಕೊಂಡು, ತನಗೆ ನಾಯಿಯ ಭಯವಿಲ್ಲವೆಂದು ತನಗೇ ಹೇಳಿಕೊಳ್ಳುತ್ತ ಮರುದಿನ ಒಳಕ್ಕೆ ಬರುತ್ತಾಳೆ. ನ್ಯಾಯಾಧಿಪತಿಗೆ ಗೌರವ ಸೂಚಿಸಿ ಎದ್ದವರೆಲ್ಲ ಕುಳಿತ ಮೇಲೂ ಅವಳು ನಿಂತೇ ಇರುತ್ತಾಳೆ. ತಾನು ಬಂದಿದ್ದೇನೆಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾಳೆ. ಇವಳು ನಿಂತುದು ವಕೀಲನಿಗಾಗಿ ಅಲ್ಲ. ಅವಳು ನಿಂತಿದ್ದಷ್ಟು ಹೊತ್ತು ಆ ಸಭೆಯಲ್ಲಿ ಧೃತಿಯೆಂಬ ಭಾವಕ್ಕೆ ಆಶ್ರಯಳಾದವಳು ಅವಳೇ. ಸ್ಟೀವನ್‌ಸನ್ನರು ಅದಕ್ಕೆ ಸಾಕ್ಷಿ.

ಸ್ಟೀವನ್‌ಸನ್ನರ ಗ್ರಂಥವು ನಿರ್ದೋಷವೆಂದು ಹೇಳಿದಂತಲ್ಲ. ಮ್ಯಾಕ್‌ಮಿಲಿಯನ್ನನ ಕಥೆಯ ನಡುನಡುವೆ ಅವರು ಇತರ ಮೊಕದ್ದಮೆಗಳನ್ನು ಸೇರಿಸುವುದರಿಂದ ರಸವು ಪದೇ ಪದೇ ಕಡಿಯುತ್ತದೆ. ಕೆಲವು ಕಡೆ ಉಪನ್ಯಾಸದ ದನಿಯು ಕಥನವನ್ನು ಮೆಟ್ಟುತ್ತದೆ. ಭಾಷೆಯ ಚೆಲುವಿನಲ್ಲಿ ಅವರು ಲೀಯವರಿಗೆ ಸಮರಲ್ಲ. ಮನ್‌ರೋವಿಲ್ಲಿನ ಹಳೆಯ ನ್ಯಾಯಸ್ಥಾನವು ಇಂದು ವಸ್ತುಸಂಗ್ರಹಾಲಯವಾಗಿ, ಅಲ್ಲಿ ಟಾಮ್ ರಾಬಿನ್‌ಸನ್ನನ ವಿಚಾರಣೆಯನ್ನು ನಾಟಕವಾಗಿ ಆಡುವರು. ಆ ಗೌರವವು ಕಥೆಗೇ ಸಂದಿತು, ಆಖ್ಯಾಯಿಕೆಗಲ್ಲ.

ಮೃಚ್ಛಕಟಿಕವು ಪ್ರಕರಣವಾದುದರಿಂದ ನಿರ್ವಹಣಸಂಧಿಯಲ್ಲಿ ಎಲ್ಲವೂ ಸರಿಹೋಗುತ್ತದೆ: ಸತ್ತಳೆಂದುಕೊಂಡಿದ್ದ ವಸಂತಸೇನೆ ವಧ್ಯಸ್ಥಾನಕ್ಕೆ ಓಡಿಬರುತ್ತಾಳೆ, ಸ್ಥಾವರಕನಿಗೆ ದಾಸ್ಯವು ನೀಗುತ್ತದೆ. ಮ್ಯಾಕ್‌ಮಿಲಿಯನ್ನನು ಬಿಡುಗಡೆಯಾಗಿ ಇಪ್ಪತ್ತು ವರ್ಷ ಬದುಕಿದನು. ಕಡೆಗಾಲದಲ್ಲಿ ಅವನಿಗೆ ಮರೆವಿನ ರೋಗವು ತಗಲಿತು. ಆರೈಕೆಯ ಮನೆಯಲ್ಲಿ ಅವನನ್ನು ನೋಡಲು ಹೋದ ಸ್ಟೀವನ್‌ಸನ್ನರಿಗೆ ಅವನು ಹೇಳಿದುದು, ತನ್ನನ್ನು ಮತ್ತೆ ಮರಣದಂಡನೆಯವರ ಸಾಲಿನಲ್ಲಿ ಇಟ್ಟಿರುವರೆಂದು, ಇಲ್ಲಿಂದ ಬಿಡಿಸಬೇಕೆಂದು. 2013ರಲ್ಲಿ ಅವನು ತೀರಿಕೊಂಡನು; ಗ್ರಂಥವು ಪ್ರಕಟವಾದುದು ಮರುವರ್ಷ.